ಕಾಲೂರಿದರೆ ಒಂದು

ಟ್ರಯಲ್ಸ್ ಆಟದಲ್ಲಿ ಗೆದ್ದ ನನ್ನ ಮೊದಲ ಕಪ್ಪು ಈಗ ಅಡುಗೆಮನೆ ಕಿಟಕಿಯಲ್ಲಿದೆ. ಅದರಲ್ಲಿ ಕತ್ತರಿ, ಎರಡು ಪೆನ್ನು, ಒಂದು ಹಳೆ ಸ್ಪಾರ್ಕ್ ಪ್ಲಗ್ ಇಟ್ಟಿದ್ದೇನೆ. ಮೇಲೆ 'ಮಹಿಳಾ ವಿಭಾಗ, ಪ್ರಥಮ' ಅಂತ ಕೆತ್ತಿದೆ. ಮನೆಗೆ ಬಂದವರು ಓದಿ ಹುಬ್ಬೇರಿಸುತ್ತಾರೆ. ನಾನೂ ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ನಿಜ ಹೇಳುತ್ತೇನೆ. ಆ ದಿನ ಮಹಿಳಾ ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ಇಡೀ ದಿನದಲ್ಲಿ 40 ಸೆಕ್ಷನ್. ಅದರಲ್ಲಿ 22 ಕಡೆ ಪೂರ್ತಿ ಫೇಲ್, ಸರಿಯಾಗಿ ದಾಟಿದ್ದು ಮೂರೇ ಮೂರು. ಕಪ್ಪು ಕೊಟ್ಟವರಿಗೂ ಗೊತ್ತು, ತಗೊಂಡವಳಿಗೂ ಗೊತ್ತು. ಚಪ್ಪಾಳೆ ಮಾತ್ರ ಜೋರಾಗಿಯೇ ಬಿತ್ತು.

ಟ್ರಯಲ್ಸ್ ಅಂದರೆ ಬೈಕಿನ ಆಟ. ಆದರೆ ರೇಸ್ ಅಲ್ಲ. ಇಲ್ಲಿ ಯಾರಿಗೂ ಅವಸರ ಇಲ್ಲ. ಹಳ್ಳ, ಬಂಡೆ, ಕೆಸರು, ಬೇರು ಇರುವ ಜಾಗ ನೋಡಿ ಒಂದಿಪ್ಪತ್ತು ಮೂವತ್ತು ಮಾರು ಉದ್ದದ ದಾರಿ ಗುರುತು ಮಾಡಿರುತ್ತಾರೆ. ಅದಕ್ಕೆ ಸೆಕ್ಷನ್ ಅನ್ನುತ್ತಾರೆ. ಆ ದಾರಿಯನ್ನು ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಅಷ್ಟೇ ಆಟ.

ಲೆಕ್ಕ ಹೇಗೆ ಅಂದರೆ, ಕಾಲೂರದೆ ದಾಟಿದರೆ ಸೊನ್ನೆ. ಅದನ್ನೇ ಕ್ಲೀನ್ ಅನ್ನುವುದು. ಒಂದು ಸಲ ಕಾಲೂರಿದರೆ ಒಂದು, ಎರಡು ಸಲಕ್ಕೆ ಎರಡು. ಮೂರು ಸಲ ಊರಿದರೂ ಮೂರು, ಹತ್ತು ಸಲ ಊರಿದರೂ ಮೂರೇ. ಬಿದ್ದರೆ, ಗಡಿ ದಾಟಿ ಆಚೆ ಹೋದರೆ, ನಮ್ಮ ಕ್ಲಬ್ಬಿನ ನಿಯಮದ ಪ್ರಕಾರ ಗಾಡಿ ಮುಂದೆ ಚಲಿಸುವುದು ನಿಂತರೂ ಸಾಕು, ಐದು. ಕೊನೆಗೆ ಯಾರ ಲೆಕ್ಕದಲ್ಲಿ ಕಡಿಮೆ ಇದೆಯೋ ಅವರು ಗೆದ್ದ ಹಾಗೆ. ಕುಂಟೆಬಿಲ್ಲೆ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೆರೆ ತುಳಿದರೆ ಔಟ್, ಕಾಲು ಇಳಿಸಿದರೆ ಔಟ್. ಬಿಲ್ಲೆ ಒದೆಯುವ ಬದಲು 70 ಕಿಲೋ ತೂಕದ ಗಾಡಿಯನ್ನು ಒಯ್ಯಬೇಕು, ಅಷ್ಟೇ ವ್ಯತ್ಯಾಸ.

ನಾನು ಹುಟ್ಟಿ ಬೆಳೆದಿದ್ದು ಮಲೆನಾಡಿನಲ್ಲಿ, ಹೊಸನಗರದ ಕಡೆ. 2013ರಿಂದ ಇರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಶಿಪ್ಲಿ ಅನ್ನುವ ಊರಲ್ಲಿ. ಕೆಲಸ ಲೀಡ್ಸ್‌ನಲ್ಲಿ, ಲೆಕ್ಕಪತ್ರದ್ದು. ಬಂದ ಹೊಸದರಲ್ಲಿ ಅಮ್ಮ ಪ್ರತಿ ಫೋನಿನಲ್ಲೂ ಕೇಳುತ್ತಿದ್ದಳು, "ಅಲ್ಲಿ ಕಾಲೂರಿಕೊಂಡ್ರಾ?" ಅಂತ. ಆ ಮಾತು ಆಗ ಎಷ್ಟು ಸಹಜ ಅನ್ನಿಸಿತ್ತು. ಈಗ ಕೇಳಿದರೆ ನಗು ಬರುತ್ತದೆ. ಕಾಲೂರಿದ್ದಕ್ಕೆ ದಂಡ ಕಟ್ಟುವ ಆಟಕ್ಕೆ ಬಂದು ಬಿದ್ದಿದ್ದೇನಲ್ಲ.

ಬಂದು ಬಿದ್ದಿದ್ದು 2015ರ ಒಂದು ಭಾನುವಾರ. ಗುಡ್ಡದ ಮೇಲೆ ನಡೆಯಲು ಹೋಗಿದ್ದೆವು. ಕೆಳಗೆ ಬೆಕ್‌ನಲ್ಲಿ ಬೈಕಿನ ಸದ್ದು ಕೇಳಿಸಿತು. ಬೆಕ್ ಅಂದರೆ ಇಲ್ಲಿನವರ ಬಾಯಲ್ಲಿ ಹಳ್ಳ. ಪೋಲಿ ಹುಡುಗರು ಇರಬೇಕು ಅಂದುಕೊಂಡು ಇಣುಕಿದೆ. ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ನನ್ನ ಸೊಂಟದೆತ್ತರದ ಬಂಡೆಯ ಮುಂದೆ ಗಾಡಿಯ ಮೇಲೆ ನಿಂತೇ ಬರುತ್ತಿದ್ದಳು. ನಡೆಯುವವರಿಗಿಂತ ನಿಧಾನ. ಬಂಡೆ ಹತ್ತಿರ ಬಂದಾಗ ಮೊಣಕಾಲು ಬಗ್ಗಿತು, ಎಂಜಿನ್ ಒಂದು ಸಲ 'ಬ್ರಪ್' ಅಂತು, ಮುಂದಿನ ಚಕ್ರ ಮೇಲಿತ್ತು. ಹಿಂದಿನದೂ ಹಿಂದೆಯೇ ಹತ್ತಿತು. ಅವಳ ಮುಖದಲ್ಲಿ ಏನೂ ಇರಲಿಲ್ಲ. ದೋಸೆ ಮಗುಚುವಾಗ ಇರುವಷ್ಟು ಗಮನ, ಅಷ್ಟೇ. ದಂಡೆಯಲ್ಲಿ ಮಡಚುವ ಕುರ್ಚಿ ಹಾಕಿ ಕೂತಿದ್ದ ಮುದುಕ ಮುಷ್ಟಿ ಎತ್ತಿ ತೋರಿಸಿದ. ಮುಷ್ಟಿ ಅಂದರೆ ಸೊನ್ನೆ ಅಂತ ಆಮೇಲೆ ಗೊತ್ತಾಯಿತು.

ನನ್ನ ಗಂಡ ಹೋಗೋಣ ಅಂತ ಎರಡು ಸಲ ಹೇಳಿದರು. ನಾನು ಒಂದೂವರೆ ಗಂಟೆ ಅಲ್ಲೇ ನಿಂತಿದ್ದೆ.

ಈ ಊರಿಗೂ ಈ ಆಟಕ್ಕೂ ಇರುವ ನಂಟು ನನಗೆ ಗೊತ್ತಾಗಿದ್ದು ಆಮೇಲೆ. ಶಿಪ್ಲಿಯಲ್ಲಿ ಒಂದು ಕಾಲಕ್ಕೆ ಸ್ಕಾಟ್ ಅನ್ನುವ ಬೈಕಿನ ಕಾರ್ಖಾನೆ ಇತ್ತು. ಅದರ ಮಾಲೀಕ ಆಲ್ಫ್ರೆಡ್ ಆಂಗಸ್ ಸ್ಕಾಟ್ 1914ರಲ್ಲಿ ತನ್ನ ಕೆಲಸಗಾರರಿಗೆ ಅಂತ ಒಂದು ಸ್ಪರ್ಧೆ ಇಟ್ಟ. ಗುಡ್ಡ, ಹಳ್ಳ ಹಾಯ್ದು ಗಾಡಿ ಎಷ್ಟು ಗಟ್ಟಿ ಅಂತ ಪರೀಕ್ಷೆ. ಟ್ರಯಲ್ ಅನ್ನುವ ಹೆಸರಿನ ಅರ್ಥವೂ ಅದೇ ಅಲ್ವಾ. ಸ್ಕಾಟ್ ಟ್ರಯಲ್ ಇವತ್ತಿಗೂ ನಡೆಯುತ್ತಿದೆ, ರಿಚ್ಮಂಡ್ ಹತ್ತಿರದ ಸ್ವೇಲ್‌ಡೇಲ್ ಕಣಿವೆಯಲ್ಲಿ. ಅದರಲ್ಲಿ ಕಾಲೂರುವ ಲೆಕ್ಕದ ಜೊತೆ ಸಮಯದ ಲೆಕ್ಕವೂ ಉಂಟು. ಮೊದಲು ಬಂದವನ ಸಮಯಕ್ಕಿಂತ ತಡವಾದಷ್ಟೂ ಅಂಕ ಹೋಗುತ್ತದೆ. ಆ ಕಡೆ ನಾನು ತಲೆ ಹಾಕಿಯೂ ಮಲಗಿಲ್ಲ. ಇನ್ನು ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಸಿಲ್ಸ್‌ಡನ್. ಲ್ಯಾಂಪ್‌ಕಿನ್ ಮನೆತನದ ಊರು. 1975ರಲ್ಲಿ ಟ್ರಯಲ್ಸ್‌ಗೆ ಮೊದಲ ಸಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಗೆದ್ದವನು ಮಾರ್ಟಿನ್ ಲ್ಯಾಂಪ್‌ಕಿನ್. ಅವನ ಮಗ ಡೂಗಿ 1997ರಿಂದ 2003ರವರೆಗೆ ಸತತ ಏಳು ವರ್ಷ ಗೆದ್ದ. ಇಲ್ಲಿ ಹಾಲು ತರಲು ಹೋದರೂ ಅಂಗಡಿಯಲ್ಲಿ ಯಾರಾದರೊಬ್ಬರು ಟ್ರಯಲ್ಸ್ ಮಾತಾಡುತ್ತಿರುತ್ತಾರೆ. ನಾನು ಎರಡು ವರ್ಷ ಕಿವುಡಿಯ ಹಾಗೆ ಓಡಾಡಿಕೊಂಡಿದ್ದೆ.

ಆ ಅರವತ್ತರ ಹೆಂಗಸೇ ನನ್ನನ್ನು ಕ್ಲಬ್ಬಿನ ಅಭ್ಯಾಸದ ದಿನಕ್ಕೆ ಕರೆದಿದ್ದು. "ಬೈಕ್ ಬರುತ್ತಾ?" ಅಂತ ಕೇಳಿದಳು. ಬರುತ್ತೆ ಅಂದೆ. ಅಪ್ಪನ ಟಿವಿಎಸ್ ಫಿಫ್ಟಿಯಲ್ಲಿ ಡೈರಿಗೆ ಹಾಲು ಹಾಕಿ ಬರುತ್ತಿದ್ದವಳು ನಾನು. ಆಮೇಲೆ ಶಿವಮೊಗ್ಗದಲ್ಲಿ ಕಾಲೇಜಿಗೆ ಸ್ಕೂಟಿ. ಬರುತ್ತೆ ಅನ್ನದೆ ಏನು ಹೇಳಲಿ?

ಗಾಡಿಯ ಹತ್ತಿರ ಹೋದ ಮೇಲೆ ಗೊತ್ತಾಯಿತು, ಬರುವುದಿಲ್ಲ ಅಂತ. ಮೊದಲನೆಯದಾಗಿ ಅದಕ್ಕೆ ಸೀಟೇ ಇಲ್ಲ. ಸೀಟು ಇರಬೇಕಾದ ಜಾಗದಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡ್. ಇಡೀ ದಿನ ಫುಟ್‌ರೆಸ್ಟ್ ಮೇಲೆ ನಿಂತೇ ಇರಬೇಕು. ಪೆಟ್ರೋಲ್ ಟ್ಯಾಂಕ್ ನಮ್ಮ ನೀರಿನ ಬಾಟಲಿಗಿಂತ ಸ್ವಲ್ಪ ದೊಡ್ಡದು. ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಪಂಕ್ಚರ್ ಆಗಿದೆ ಅಂದೆ. ಎಲ್ಲರೂ ನಕ್ಕರು. ಊರಲ್ಲಿ ಪಂಕ್ಚರ್ ಅಂಗಡಿಯವನು ಹಿಂದಿನ ಟೈರಿಗೆ 30ರ ಆಚೀಚೆ ಗಾಳಿ ತುಂಬಿದರೆ ಇಲ್ಲಿ ಬರೀ 4. ಅಷ್ಟು ಮೆತ್ತಗಿದ್ದರೇನೇ ಟೈರು ಕಲ್ಲನ್ನು ಅಪ್ಪಿ ಹಿಡಿಯುವುದು. ಮಣಿಕಟ್ಟಿಗೆ ಒಂದು ದಾರ, ಅದರ ತುದಿಯಲ್ಲಿ ಅಯಸ್ಕಾಂತ. ಬಿದ್ದರೆ ದಾರ ಎಳೆದು ಎಂಜಿನ್ ಆಫ್. ಆ ದಾರ ಮೊದಲ ದಿನ ಎಷ್ಟು ಸಲ ಕಿತ್ತು ಬಂತೋ, ಲೆಕ್ಕ ಇಡುವ ಕೆಲಸದವಳಾದ ನಾನೂ ಲೆಕ್ಕ ಇಡಲಿಲ್ಲ.

ಎಲ್ಲಕ್ಕಿಂತ ಕಷ್ಟ ಅಂದರೆ ಹಾಫ್ ಕ್ಲಚ್. ಡ್ರೈವಿಂಗ್ ಕಲಿಸುವಾಗ ಅಪ್ಪ ಬೈದಿದ್ದೆಲ್ಲಾ ಅದಕ್ಕೇ. ಹಾಫ್ ಕ್ಲಚ್ಚಲ್ಲಿ ಓಡಿಸಬೇಡ, ಪ್ಲೇಟು ಸುಡುತ್ತೆ ಅಂತ. ಇಲ್ಲಿ ಆಟವೇ ಹಾಫ್ ಕ್ಲಚ್ ಮೇಲೆ ನಿಂತಿದೆ. ತೋರುಬೆರಳೊಂದೇ ಕ್ಲಚ್ ಮೇಲೆ, ಇನ್ನೊಂದು ತೋರುಬೆರಳು ಬ್ರೇಕ್ ಮೇಲೆ. ಉಳಿದ ಬೆರಳುಗಳು ಹ್ಯಾಂಡಲ್ ಹಿಡಿಯಲು. ಆ ಒಂದು ಬೆರಳು ಕೂದಲೆಳೆಯಷ್ಟು ಬಿಟ್ಟರೆ ಗಾಡಿ ಮುಂದೆ, ಹಿಡಿದರೆ ಅಲ್ಲೇ. ನನ್ನ ಬೆರಳು ಮೊದಲ ತಿಂಗಳು ರಾತ್ರಿ ನಿದ್ದೆಯಲ್ಲೂ ಬಗ್ಗಿಕೊಂಡೇ ಇರುತ್ತಿತ್ತು.

ಗ್ಯಾಸ್ ಗ್ಯಾಸ್ ಅನ್ನುವ ಕಂಪನಿಯ, ಎಂಟು ವರ್ಷ ಹಳೆಯ ಒಂದು 125 ಸಿಸಿ ಗಾಡಿಯನ್ನು 1,800 ಪೌಂಡಿಗೆ ಕೊಂಡೆ. ಅಮ್ಮನಿಗೆ ಹೇಳಿದೆ. "ಅಲ್ಲ ಮಾರಾಯ್ತಿ, ಸೀಟಿಲ್ಲದ ಗಾಡಿಗೆ ಅಷ್ಟು ದುಡ್ಡಾ?" ಅಂದಳು. ಬೀಳುತ್ತೇನೆ ಅನ್ನುವ ಚಿಂತೆ ಅವಳಿಗೆ ಬರಲೇ ಇಲ್ಲ. ದುಡ್ಡಿನದೇ ಚಿಂತೆ.

ಹಿತ್ತಲಲ್ಲಿ ಇಟ್ಟಿಗೆ ಇಟ್ಟು ಎಂಟರ ಆಕಾರ ಸುತ್ತುವುದು ನನ್ನ ಸಂಜೆಯ ಕೆಲಸವಾಯಿತು. ಎಂಜಿನ್ ಆಫ್ ಮಾಡಿ ಗಾಡಿಯ ಮೇಲೆ ಸುಮ್ಮನೆ ನಿಲ್ಲುವುದು ಇನ್ನೊಂದು ಅಭ್ಯಾಸ. ಮೂರು ಸೆಕೆಂಡ್, ಐದು ಸೆಕೆಂಡ್, ದೊಪ್ಪ. ಪಕ್ಕದ ಮನೆಯವರು ಪರದೆ ಸರಿಸಿ ನೋಡುತ್ತಿದ್ದರು. ಕಣ್ಣು ಕೆಳಗೆ ಹೋದ ತಕ್ಷಣ ಬೀಳುತ್ತಿದ್ದೆ. ಕಲಿಸುತ್ತಿದ್ದವಳು ಹೇಳುತ್ತಲೇ ಇದ್ದಳು, ಚಕ್ರ ನೋಡಬೇಡ, ಹೋಗುವ ಜಾಗ ನೋಡು ಅಂತ. ಆ ಮಾತು ನನಗೆ ಹೊಸದಲ್ಲ. ಮಳೆಗಾಲದಲ್ಲಿ ಶಾಲೆಗೆ ಹೋಗಲು ನಮಗೆ ಹಳ್ಳ ದಾಟಬೇಕಿತ್ತು. ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ. ಕೆಳಗೆ ಕೆಂಪು ನೀರು ಸುತ್ತಿಕೊಂಡು ಹೋಗುತ್ತಿತ್ತು. ಅಜ್ಜಿ ಆಚೆ ದಡದಲ್ಲಿ ನಿಂತು, "ನೀರು ನೋಡಬೇಡ, ನನ್ನ ನೋಡು" ಅನ್ನುತ್ತಿದ್ದಳು. ಅಜ್ಜಿಯ ಕೆಂಪು ಅಂಚಿನ ಸೀರೆ ನೋಡಿಕೊಂಡೇ ಏಳು ವರ್ಷ ದಾಟಿದ್ದೇನೆ. ಹಿತ್ತಲ ಬೇಲಿಗೆ ಒಂದು ಕೆಂಪು ಟವೆಲ್ ಕಟ್ಟಿದೆ. ಅದನ್ನೇ ನೋಡುತ್ತಾ ನಿಂತೆ. 11 ಸೆಕೆಂಡ್.

2016ರ ಮಾರ್ಚಿನಲ್ಲಿ ಮೊದಲ ಸ್ಪರ್ಧೆ. ಅದೇ, ಕಪ್ಪಿನ ದಿನ. ಇಲ್ಲಿನ ಬೈಕ್ ಕ್ರೀಡೆಯ ಸಂಸ್ಥೆ ಆಟೋ ಸೈಕಲ್ ಯೂನಿಯನ್‌ನಲ್ಲಿ ಹೆಸರು ನೋಂದಾಯಿಸಿಕೊಂಡಿದ್ದೆ. ಬೆಳಿಗ್ಗೆ ಒಬ್ಬ ರೈತರ ಕೊಟ್ಟಿಗೆಯಲ್ಲಿ ಸಹಿ. 'ಸತ್ತರೆ ನೀವು ಹೊಣೆಯಲ್ಲ' ಅನ್ನುವ ಅರ್ಥದ ಕಾಗದ. ಸುಮಾರು ಅರವತ್ತು ಗಾಡಿ. ಎಲ್ಲರ ವ್ಯಾನಿನ ಹಿಂದೆ ಚಹಾ, ಬೇಕನ್ ವಾಸನೆ, ಟೂ ಸ್ಟ್ರೋಕ್ ಹೊಗೆ. ಆ ಹೊಗೆಯ ವಾಸನೆ ಮೂಗಿಗೆ ಬಡಿದಾಗ ಒಂದು ಕ್ಷಣ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಆಟೋ ಸಾಲಿನ ಮುಂದೆ ನಿಂತ ಹಾಗಾಯಿತು.

ಹತ್ತು ಸೆಕ್ಷನ್, ನಾಲ್ಕು ಸುತ್ತು. ಪ್ರತಿ ಸೆಕ್ಷನ್ ಮುಂದೆ ಎಲ್ಲರೂ ಗಾಡಿ ನಿಲ್ಲಿಸಿ ಇಳಿದು ನಡೆದು ನೋಡುತ್ತಾರೆ. ಕೆಂಪು ಗುರುತು ಬಲಕ್ಕೆ, ನೀಲಿ ಎಡಕ್ಕೆ ಇರಬೇಕು, ಮಧ್ಯದಲ್ಲಿ ಹೋಗಬೇಕು. ಒಂದೇ ಸೆಕ್ಷನ್ನಿನಲ್ಲಿ ಪಳಗಿದವರಿಗೊಂದು ದಾರಿ, ನನ್ನಂಥವರಿಗೊಂದು ದಾರಿ. ಹಳಬರು ಕಲ್ಲನ್ನು ಬೂಟಿನಲ್ಲಿ ಒದ್ದು ಅಲ್ಲಾಡುತ್ತದಾ ಅಂತ ನೋಡುತ್ತಾರೆ. ನೀರಿನೊಳಗೆ ಕೈ ಹಾಕಿ ತಡವುತ್ತಾರೆ. ಗದ್ದೆ ಕೊಳ್ಳಲು ಬಂದವರ ಹಾಗೆ. ನಾನು ಅವರ ಹಿಂದೆ ಹಿಂದೆ ಓಡಾಡಿದೆ. ಏನು ನೋಡಬೇಕು ಅಂತ ಗೊತ್ತಿರಲಿಲ್ಲ.

ಮೊದಲ ಸೆಕ್ಷನ್ನಿನಲ್ಲಿ ಹಳ್ಳಕ್ಕೆ ಇಳಿದ ತಕ್ಷಣ ನಿಂತುಬಿಟ್ಟೆ. ಕುರ್ಚಿಯಲ್ಲಿದ್ದ ಅಜ್ಜಿ ಐದು ಬೆರಳು ತೋರಿಸಿ, "ಫೈವ್, ಲವ್" ಅಂದಳು. ಯಾರ್ಕ್‌ಶೈರ್‌ನಲ್ಲಿ ಎಲ್ಲರೂ ಎಲ್ಲರಿಗೂ ಲವ್ ಅನ್ನುತ್ತಾರೆ, ಬಸ್ ಡ್ರೈವರ್ ಕೂಡ. ನನಗೆ ಆಗ ಹೊಳೆದಿದ್ದು ಟೆನ್ನಿಸ್. ಅಲ್ಲಿ ಲವ್ ಅಂದರೆ ಸೊನ್ನೆ. ಐದೋ ಸೊನ್ನೆಯೋ ಅಂತ ಹಳ್ಳದ ನಡುವೆ ನಿಂತು ಯೋಚಿಸಿದೆ. ಐದೇ.

ಆದರೆ ಈ ಐದರಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. ಐದಕ್ಕಿಂತ ಜಾಸ್ತಿ ಇಲ್ಲ. ಎಷ್ಟೇ ಕೆಟ್ಟದಾಗಿ ಬಿದ್ದರೂ, ಗಾಡಿ ನೀರಲ್ಲಿ ಮುಳುಗಿದರೂ, ಐದು. ಮುಗಿಯಿತು. ಮುಂದಿನ ಸೆಕ್ಷನ್ನಿಗೆ ಹೋದರೆ ಅಲ್ಲಿ ಕೂತವರಿಗೆ ಹಿಂದಿನದರ ಸುದ್ದಿಯೇ ಇಲ್ಲ. ನನ್ನ ಕೆಲಸದಲ್ಲಿ ಹೀಗಿಲ್ಲ. ಮಾರ್ಚಿನ ತಪ್ಪು ಡಿಸೆಂಬರ್‌ವರೆಗೂ ಬೆನ್ನು ಹತ್ತುತ್ತದೆ.

ಅದೇ ವರ್ಷ ಅಕ್ಟೋಬರಿನಲ್ಲಿ ಮಣಿಕಟ್ಟು ಮುರಿಯಿತು. ಬಂಡೆ ಹತ್ತುವಾಗ ಅಂತ ಬರೆಯಬೇಕೆಂಬ ಆಸೆ. ನಿಜ ಏನೆಂದರೆ, ವ್ಯಾನಿನಿಂದ ಹಲಗೆಯ ಮೇಲೆ ಗಾಡಿ ಇಳಿಸುವಾಗ ಹಲಗೆ ಜಾರಿತು. ಆಸ್ಪತ್ರೆಯಲ್ಲಿ ಡಾಕ್ಟರು, ಗಾಡಿ ಎಷ್ಟು ಸ್ಪೀಡಲ್ಲಿತ್ತು ಅಂತ ಕೇಳಿದರು. ನಿಂತಿತ್ತು ಅಂದೆ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಆ ಚಳಿಗಾಲ ಪೂರ್ತಿ ನಾನು ಕುರ್ಚಿಯವಳಾದೆ. ಅಬ್ಸರ್ವರ್ ಅನ್ನುತ್ತಾರೆ. ಪ್ರತಿ ಸೆಕ್ಷನ್ನಿಗೂ ಒಬ್ಬರು ಬೇಕು, ಯಾರಿಗೂ ಸಂಬಳ ಇಲ್ಲ, ಮಧ್ಯಾಹ್ನ ಒಂದು ಸ್ಯಾಂಡ್‌ವಿಚ್. ಈ ಆಟ ನಡೆಯುವುದೇ ಮಳೆಯಲ್ಲಿ ಐದಾರು ಗಂಟೆ ಕೂರುವ ಇವರಿಂದ. ಎರಡು ಜೊತೆ ಸಾಕ್ಸ್, ಅದರ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಬೂಟು. ಪ್ಲಾಸ್ಟರ್ ಹಾಕಿದ ಕೈ ಕೋಟಿನೊಳಗೆ. ಸವಾರರು ಕುತ್ತಿಗೆಗೆ ಕಾರ್ಡ್ ತೂಗುಹಾಕಿಕೊಂಡು ಬರುತ್ತಾರೆ, ಬಸ್ ಕಂಡಕ್ಟರ್ ಹಾಗೆ ನಾನು ತೂತು ಹೊಡೆಯಬೇಕು.

ಓಡಿಸಿ ಕಲಿತಿದ್ದಕ್ಕಿಂತ ಕೂತು ಕಲಿತಿದ್ದೇ ಜಾಸ್ತಿ. ಒಂದೇ ಬಂಡೆಯನ್ನು ಅರವತ್ತು ಜನ ನಾಲ್ಕು ನಾಲ್ಕು ಸಲ ಹತ್ತುವುದನ್ನು ನೋಡಿದರೆ ಕಣ್ಣು ತಾನಾಗಿ ಪಳಗುತ್ತದೆ. ಸೋಲುವುದು ಬಂಡೆಯ ಹತ್ತಿರ ಅಲ್ಲ. ಅದಕ್ಕೂ ನಾಲ್ಕು ಮಾರು ಮೊದಲು, ತಿರುವಿನಲ್ಲಿ. ತಿರುವು ಅಗಲವಾಗಿ ತಗೊಂಡವರಿಗೆ ಗಾಡಿ ನೇರವಾಗಲು ಜಾಗ ಸಿಗುತ್ತದೆ. ಬಿಗಿಯಾಗಿ ತಗೊಂಡವರು ಬಂಡೆಯ ಮುಂದೆ ಓರೆ ನಿಂತಿರುತ್ತಾರೆ. ಆಮೇಲೆ ಎಷ್ಟು ರೇಸ್ ಕೊಟ್ಟರೂ ಕಾಲು ಇಳಿಯುತ್ತದೆ. ಹೆದರಿದವರು ಜಾಸ್ತಿ ಆಕ್ಸಿಲರೇಟರ್ ಕೊಡುತ್ತಾರೆ ಅನ್ನುವುದೂ ಅಲ್ಲೇ ತಿಳಿಯಿತು. ಪಳಗಿದವರ ಎಂಜಿನ್ ಸದ್ದು ಕೇಳಿಸುವುದೇ ಇಲ್ಲ.

ಜಗಳಗಳೂ ಕಲಿಸಿದವು. "ಅದು ಎರಡು, ಮೂರಲ್ಲ" ಅಂತ ಬರುವವರು ಇರುತ್ತಾರೆ. ಬಹಳ ದೊಡ್ಡ ಗಂಡಸರು, ಬಹಳ ಸಣ್ಣ ಮುಖ. ಮೊದಲೆರಡು ವಾರ ನಾನು ಸೋತೆ. ಮೂರನೇ ವಾರದಿಂದ ಅಲುಗಲಿಲ್ಲ. ಅಬ್ಸರ್ವರ್ ಹೇಳಿದ್ದೇ ಕೊನೆ ಅಂತ ನಿಯಮ. ಲೆಕ್ಕದ ವಿಷಯದಲ್ಲಿ ನನ್ನ ಹತ್ತಿರ ಯಾರೂ ಚೌಕಾಸಿ ಮಾಡಬಾರದು, ಅಷ್ಟೇ.

ಕೈ ಮುರಿದುಕೊಂಡು ಕೂತ ಆ ತಿಂಗಳುಗಳಲ್ಲಿ ಲಾಯಾ ಸಾನ್ಸ್ ಬಗ್ಗೆ ಸಿಕ್ಕಿದ್ದೆಲ್ಲಾ ಓದಿದೆ, ನೋಡಿದೆ. ಸ್ಪೇನಿನ ಕತಲೂನ್ಯಾದವಳು, 1985ರಲ್ಲಿ ಹುಟ್ಟಿದವಳು. ಸಣ್ಣವಳಿದ್ದಾಗ ಹುಡುಗರ ಜೊತೆಯೇ ಸ್ಪರ್ಧಿಸುತ್ತಿದ್ದಳು, ಬೇರೆ ಯಾರಿದ್ದರು? ಮಹಿಳೆಯರಿಗೆ ಟ್ರಯಲ್ಸ್ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 2000ರಲ್ಲಿ. ಅವಳಿಗೆ ಆಗ 14. ಮೊದಲ ವರ್ಷವೇ ಗೆದ್ದಳು. 2006ರವರೆಗೆ ಬಿಡಲಿಲ್ಲ. 2007ರಲ್ಲಿ ಜರ್ಮನಿಯ ಐರಿಸ್ ಕ್ರಾಮರ್ ಕಿತ್ತುಕೊಂಡಳು. 2008ರಿಂದ ಮತ್ತೆ ಇವಳೇ, 2013ರವರೆಗೆ. ಒಟ್ಟು 13. ನನಗೆ ಆ 13ಕ್ಕಿಂತ 2007 ಮುಖ್ಯ ಅನ್ನಿಸಿತು. ಏಳು ವರ್ಷ ಗೆದ್ದವಳಿಗೆ ಒಬ್ಬಳು ಸಿಕ್ಕಳಲ್ಲ ಅಂತ. ನನ್ನ ಅಡುಗೆಮನೆಯ ಕಪ್ಪಿಗೆ ಅಂಥವಳು ಇರಲಿಲ್ಲ.

ಲಾಯಾ ಆಮೇಲೆ ಟ್ರಯಲ್ಸ್ ಬಿಟ್ಟು ಮರುಭೂಮಿ ಹಾಯುವ ದೂರದ ರೇಸಿಗೆ ಹೋದಳು. 2015ರ ಡಕಾರ್ ರ್‍ಯಾಲಿಯಲ್ಲಿ ಬೈಕ್ ವಿಭಾಗದಲ್ಲಿ ಎಲ್ಲ ಗಂಡಸರ ನಡುವೆ ಒಂಬತ್ತನೆಯವಳು. ಅದೇ ವರ್ಷ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಅದೇ ಡಕಾರ್ ಮುಗಿಸಿದರು, 36ನೆಯವರಾಗಿ. ಡಕಾರ್ ಮುಗಿಸಿದ ಮೊದಲ ಭಾರತೀಯ. ಆ ಎರಡು ಹೆಸರನ್ನು ಒಂದೇ ಪಟ್ಟಿಯಲ್ಲಿ ನೋಡಿದಾಗ ನನಗೆ ಯಾರೋ ನೆಂಟರು ಸಿಕ್ಕ ಹಾಗಾಯಿತು. ಮುಂದೆ 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಕಚ್ಚಾ ದಾರಿಯ ರೇಸುಗಳ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಾಗ ಆ ಸುದ್ದಿಯನ್ನು ಕ್ಲಬ್ಬಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದೆ. "ನಿಮ್ಮ ಊರಿನವಳಾ?" ಅಂದರು. ಹೊಸನಗರದಿಂದ ಬೆಂಗಳೂರು ಎಷ್ಟು ದೂರ ಅಂತ ಅವರಿಗೇನು ಗೊತ್ತು. ಹೌದು ಅಂದೆ.

ಇಂಗ್ಲೆಂಡಿನ ಹಳೆ ಕಥೆ ಇನ್ನೂ ಚೆನ್ನಾಗಿದೆ. 1927ರಲ್ಲಿ ಇಲ್ಲಿನ ಲೇಕ್ ಡಿಸ್ಟ್ರಿಕ್ಟ್‌ನ ಆಂಬಲ್‌ಸೈಡ್‌ನಲ್ಲಿ ಆರು ದಿನಗಳ ಅಂತರರಾಷ್ಟ್ರೀಯ ಟ್ರಯಲ್ ನಡೆದಾಗ ಮಾರ್ಜರಿ ಕಾಟಲ್, ಈಡಿತ್ ಫೋಲಿ, ಲೂಯಿ ಮೆಕ್ಲೀನ್ ಅಂತ ಮೂವರು ಹೆಂಗಸರ ಬ್ರಿಟಿಷ್ ತಂಡ ಸಿಲ್ವರ್ ವಾಸ್ ಗೆದ್ದಿತು. ಮಹಿಳಾ ವಿಭಾಗದ ಬಹುಮಾನ ಅಲ್ಲ ಅದು. ಗಂಡಸರ ತಂಡಗಳನ್ನು ಸೋಲಿಸಿಯೇ ತಗೊಂಡಿದ್ದು. ಬೆಳ್ಳಿಯ ಹೂದಾನಿ ನೋಡಿದಾಗ ಆ ಹೆಂಗಸರು ಅದರಲ್ಲಿ ಕತ್ತರಿ ಇಟ್ಟಿರಲಿಕ್ಕಿಲ್ಲ ಅನ್ನಿಸಿತು.

ಹಾಗಿದ್ದರೆ ತೊಂಬತ್ತು ವರ್ಷದ ನಂತರ ನಮ್ಮ ಕ್ಲಬ್ಬಿನ ಮಹಿಳಾ ವಿಭಾಗದಲ್ಲಿ ನಾನೊಬ್ಬಳೇ ಯಾಕೆ? 2017ರ ಕೊನೆಯಲ್ಲಿ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಈ ಪ್ರಶ್ನೆಯೇ ಬಂತು. ಹೆಂಗಸರು ಯಾಕೆ ಬರುತ್ತಿಲ್ಲ? ಒಬ್ಬರು ಧೈರ್ಯ ಅಂದರು. ಇನ್ನೊಬ್ಬರು ಗಾಡಿಯ ತೂಕ ಅಂದರು. ಪೋಸ್ಟರ್‌ಗೆ ಗುಲಾಬಿ ಬಣ್ಣ ಹಾಕೋಣವಾ ಅಂತ ಒಬ್ಬ ಪುಣ್ಯಾತ್ಮ ಕೇಳಿದ. ಅರ್ಧ ಗಂಟೆ ಕೇಳಿಸಿಕೊಂಡು ನಾನು ಎದ್ದು ನಿಂತೆ. "ಒಂದು ಟಾಯ್ಲೆಟ್ ತರಿಸಿ" ಅಂದೆ.

ಬಯಲು ಗುಡ್ಡ. ಮರ ಅಂತ ಒಂದಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಅಲ್ಲಿ. ಗಂಡಸರು ಎಲ್ಲೆಂದರಲ್ಲಿ ತಿರುಗಿ ನಿಲ್ಲುತ್ತಾರೆ. ನಾನು ಮೊಣಕಾಲಿನ ಪ್ಯಾಡು, ಮಂಡಿಯವರೆಗಿನ ಬೂಟು, ಒದ್ದೆ ಪ್ಯಾಂಟು ಸಮೇತ ಕಲ್ಲಿನ ಪಾಗಾರ ಹುಡುಕಿಕೊಂಡು ಅರ್ಧ ಮೈಲಿ ಹೋಗಬೇಕು. ಎರಡು ವರ್ಷ ಸ್ಪರ್ಧೆಯ ದಿನ ನಾನು ನೀರನ್ನೇ ಕುಡಿಯುತ್ತಿರಲಿಲ್ಲ. ಮೂರನೇ ಸುತ್ತಿನಲ್ಲಿ ತಲೆನೋವು. ನನ್ನ ಐದುಗಳಲ್ಲಿ ಎಷ್ಟು ಬಂಡೆಯವು, ಎಷ್ಟು ಬಾಯಾರಿಕೆಯವು ಅಂತ ಯಾವ ಕಾರ್ಡಿನಲ್ಲೂ ಬರೆದಿಲ್ಲ. ಸಭೆ ಒಂದು ಕ್ಷಣ ತಣ್ಣಗಾಯಿತು. ಖಜಾಂಚಿ ಬಾಡಿಗೆ ಎಷ್ಟು ಅಂತ ಬರೆದುಕೊಂಡ. ಮುಂದಿನ ಸೀಸನ್ನಿಗೆ ನೀಲಿ ಪ್ಲಾಸ್ಟಿಕ್ಕಿನ ಒಂದು ಡಬ್ಬಿ ಗೇಟಿನ ಹತ್ತಿರ ಬಂದು ನಿಂತಿತು. ಬೆಳಿಗ್ಗೆ ಅದರ ಮುಂದೆ ಇದ್ದ ಉದ್ದನೆ ಸಾಲು ಪೂರ್ತಿ ಗಂಡಸರದ್ದೇ. ಇರಲಿ ಬಿಡಿ.

ಆ ಸೀಸನ್ನಿನಲ್ಲೇ ಆ ಹುಡುಗಿ ಬಂದಿದ್ದು. 14 ವರ್ಷ. ಅಪ್ಪನ ವ್ಯಾನ್, ಅಣ್ಣನ ಹಳೆ ಹೆಲ್ಮೆಟ್. ಮಾತು ಕಡಿಮೆ. ಸೆಕ್ಷನ್ ನೋಡುವಾಗ ಎಲ್ಲರೂ ಶುರುವಿನಿಂದ ಕೊನೆಗೆ ನಡೆದರೆ ಅವಳು ಕೊನೆಯಿಂದ ಶುರುವಿಗೆ ನಡೆಯುತ್ತಿದ್ದಳು. ಯಾಕೆ ಅಂತ ಕೇಳಿದೆ. "ಎಲ್ಲಿಗೆ ಬರಬೇಕು ಅಂತ ಗೊತ್ತಿದ್ದರೆ ಎಲ್ಲಿಂದ ಬರಬೇಕು ಅಂತ ಗೊತ್ತಾಗುತ್ತೆ" ಅಂದಳು. ನಾನು ಮೂರು ವರ್ಷದಿಂದ ಉಲ್ಟಾ ನಡೆಯುತ್ತಿದ್ದೆ.

ಮಹಿಳಾ ವಿಭಾಗದಲ್ಲಿ ಈಗ ಇಬ್ಬರು. ಆ ಭಾನುವಾರದ ಹಾಗೆ ನಾನು ಯಾವತ್ತೂ ಓಡಿಸಿರಲಿಲ್ಲ. ಹಿಂದೆ ಒಬ್ಬಳು ಬರುತ್ತಿದ್ದಾಳೆ ಅಂದರೆ ಕ್ಲಚ್ಚಿನ ಬೆರಳಿಗೂ ಗೊತ್ತಾಗುತ್ತದೆ. ಪ್ರತಿ ಸೆಕ್ಷನ್ ಮುಗಿಸಿ ತಿರುಗಿ ನೋಡುತ್ತಿದ್ದೆ, ಅವಳು ಕಾಲೂರಿದಳಾ ಅಂತ. ಅವಳೂ ನೋಡುತ್ತಿದ್ದಳು. ಸಂಜೆ ಲೆಕ್ಕ ಹಾಕಿದಾಗ ನನಗೆ 38, ಅವಳಿಗೂ 38. ಸಮ ಬಂದರೆ ಜಾಸ್ತಿ ಕ್ಲೀನ್ ಇದ್ದವರಿಗೆ ಗೆಲುವು. ನನ್ನದು 19, ಅವಳದು 24. ನಾಲ್ಕು ಕಡೆ ಪೂರ್ತಿ ಬಿದ್ದಿದ್ದಳು, ಆದರೆ ಉಳಿದದ್ದರಲ್ಲಿ ಹೆಚ್ಚಿನ ಕಡೆ ಕಾಲೇ ಇಳಿಸಿರಲಿಲ್ಲ. ನಾನು ಬಹಳ ಕಡೆ ಒಂದೆರಡು ಸಲ ಹುಷಾರಿಗೆ ಕಾಲೂರಿ ಕಾಪಾಡಿಕೊಂಡಿದ್ದೆ. ಆ ಒಂದು, ಎರಡುಗಳೇ ನನ್ನನ್ನು ತಿಂದವು. ಕಾರ್ಡನ್ನು ಮೂರು ಸಲ ಕೂಡಿಸಿದೆ. ಲೆಕ್ಕ ಸರಿಯಾಗಿತ್ತು.

ಅವಳು ಕಪ್ಪು ತಗೊಂಡಾಗ ನಾನು ಚಪ್ಪಾಳೆ ಹೊಡೆದೆ. ಹೊಟ್ಟೆ ಉರಿಯಿತಾ? ಉರಿಯಿತು. ಮನೆಗೆ ಬಂದು ಅನ್ನ ಸಾರು ತಿಂದ ಮೇಲೂ ಉರಿಯುತ್ತಿತ್ತು. ಎರಡನೇ ಬಹುಮಾನಕ್ಕೆ ಕಪ್ಪು ಇರಲಿಲ್ಲ, ಒಂದು ಡಬ್ಬಿ ಎಂಜಿನ್ ಆಯಿಲ್ ಕೊಟ್ಟರು. ಅದನ್ನು ಗಾಡಿಗೆ ಹಾಕಿದೆ. ಡಬ್ಬಿ ಬಿಸಾಡಿಲ್ಲ.

2019ರಲ್ಲಿ ಧೈರ್ಯ ಮಾಡಿ ಬ್ರಿಟಿಷ್ ಮಹಿಳಾ ಚಾಂಪಿಯನ್‌ಶಿಪ್‌ನ ಒಂದು ಸುತ್ತಿಗೆ ಹೆಸರು ಕೊಟ್ಟೆ. ಲಿಂಕನ್‌ಶೈರ್‌ನ ಎಮ್ಮಾ ಬ್ರಿಸ್ಟೋ 2014ರಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಇಲ್ಲಿ ಹುಡುಗಿಯರ ಸಂಖ್ಯೆ ಕಣ್ಣಿಗೆ ಕಾಣುವಷ್ಟಿತ್ತು. ಬ್ರಿಟನ್‌ನಿಂದ ಆ ಪಟ್ಟ ಗೆದ್ದ ಮೊದಲ ಹೆಣ್ಣು ಅವಳು. ನಾನು ಆ ದಿನ ಕೊನೆಯಿಂದ ಎರಡನೆಯವಳು. ಕೊನೆಯವಳ ಚೈನು ಕಿತ್ತು ಹೋಗಿತ್ತು. ಹೇಳಲು ಬೇರೇನಿಲ್ಲ. ಒಂದು ಮಾತ್ರ ನೆನಪಿದೆ. ಶುರುವಿನಲ್ಲಿ ಸಾಲಾಗಿ ನಿಂತಾಗ ಎಲ್ಲ ಹೆಲ್ಮೆಟ್ ಹಿಂದೆ ಜಡೆ. ಮುಂದೆ ನೋಡಿದರೂ ಜಡೆ, ಹಿಂದೆ ನೋಡಿದರೂ ಜಡೆ. ಒಬ್ಬಳು ನನ್ನ ಜಡೆ ಚಕ್ರಕ್ಕೆ ಸಿಗುತ್ತೆ ಅಂತ ಜಾಕೆಟ್ ಒಳಗೆ ತುರುಕಿ ಕೊಟ್ಟಳು. ಪರಿಚಯವೇ ಇರಲಿಲ್ಲ.

2020 ಕೋವಿಡ್‌ನಲ್ಲಿ ಹೋಯಿತು. 2021ರಲ್ಲಿ ಸುಲಭದ ದಾರಿ ಬಿಟ್ಟು ಮೇಲಿನ ದಾರಿಗೆ ಹೋದೆ. ನನ್ನ ಅಂಕ ಮತ್ತೆ ನೂರು ದಾಟಿತು. ಬೇಜಾರಾಗಲಿಲ್ಲ. 2023ರಲ್ಲಿ ಮಂಡಿ ಮಾತಾಡಲು ಶುರು ಮಾಡಿತು. ಈಗ ಎರಡು ವಾರ ಓಡಿಸಿದರೆ ಒಂದು ವಾರ ಕುರ್ಚಿ.

ಹೋದ ಸಲ ಏಳನೇ ಸೆಕ್ಷನ್ನಿನಲ್ಲಿ ಕೂತಿದ್ದೆ. ಅದೇ ಹಳ್ಳ, ನಾನು 2015ರಲ್ಲಿ ಮೇಲಿನಿಂದ ಇಣುಕಿದ್ದು. ಹುಡುಗಿ ಬಂದಳು. ಈಗ ಹುಡುಗಿ ಅನ್ನುವ ಹಾಗಿಲ್ಲ, ಸ್ವಂತ ವ್ಯಾನ್ ಇದೆ. ಎಲ್ಲಕ್ಕಿಂತ ಕಷ್ಟದ ದಾರಿಯವಳು. ತಿರುವು ಅಗಲವಾಗಿ ತಗೊಂಡಳು. ಸದ್ದೇ ಇಲ್ಲ. ಬಂಡೆ ಹತ್ತಿದಳು. ಮೇಲೆ ಹೋಗಿ ಗಾಡಿ ಎಡಕ್ಕೆ ವಾಲಿತು, ಎಡಗಾಲಿನ ಬೂಟು ಕಲ್ಲಿಗೆ ತಾಗಿತು. ರೆಪ್ಪೆ ಮುಚ್ಚಿ ತೆಗೆಯುವಷ್ಟು ಹೊತ್ತು. ಸೆಕ್ಷನ್ ದಾಟಿ ನನ್ನ ಹತ್ತಿರ ಬಂದು ಕಾರ್ಡ್ ಮುಂದೆ ಮಾಡಿದಳು. ನಾನು ಒಂದು ಬೆರಳು ಎತ್ತಿದೆ.

"ಕಾಲು ಇಳಿಸೇ ಇಲ್ಲ. ಕಲ್ಲು ಬೂಟಿಗೆ ತಾಗಿದ್ದು."

"ಕಲ್ಲು ಎದ್ದು ಬಂತಾ?"

ಅವಳು ಬಾಯಿ ತೆರೆದಳು, ಮುಚ್ಚಿದಳು. ನಾನು ತೂತು ಹೊಡೆದೆ. ಹಿಂದೆ ಇನ್ನೊಂದು ಗಾಡಿಯ ಸದ್ದು ಹಳ್ಳಕ್ಕೆ ಇಳಿಯುತ್ತಿತ್ತು.